ಶಬ್ದ ಬಂತು ಅಂದ ಮಾತ್ರಕ್ಕೆ ಶಾಕ್ ಅಬ್ಸಾರ್ಬರ್ ಹೋಗಿದೆ ಅಂತಲ್ಲ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಉದ್ದ ಆಗುತ್ತದೆ. ಕಾರು ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮ ಬೀದಿಯಲ್ಲಿ ಒಬ್ಬರು ಮೇಷ್ಟ್ರಿದ್ದಾರೆ. ರಿಟೈರ್ ಆದಾಗ ಬಂದ ದುಡ್ಡಲ್ಲಿ ಒಂದು ಪುಟ್ಟ ಎಸ್‌ಯುವಿ ತಗೊಂಡರು. ನಿನ್ನೆ ಸಂಜೆ ಒಂದು ಎಸ್ಟಿಮೇಟ್ ಹಿಡಿದುಕೊಂಡು ಮನೆಗೆ ಬಂದರು. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್, ಎರಡೂ ಟಾಪ್ ಮೌಂಟ್, ಎರಡೂ ಲೋಯರ್ ಆರ್ಮ್, ಲೇಬರ್, ಅಲೈನ್‌ಮೆಂಟ್. ಎಲ್ಲಾ ಸೇರಿ 30,000 ರೂಪಾಯಿ ದಾಟಿತ್ತು.

"ಏನು ತೊಂದರೆ ಮೇಷ್ಟ್ರೇ ಗಾಡೀಲಿ?"

"ಸಣ್ಣ ಸಣ್ಣ ಗುಂಡಿ ಬಂದಾಗ ಮುಂದೆ ಕಟಕಟ ಅನ್ನುತ್ತೆ ಕಣ್ರೀ. ಸಸ್ಪೆನ್ಷನ್ ಪೂರ್ತಿ ಹೋಗಿದೆ ಅಂದ್ರು ಸರ್ವಿಸ್ ಸೆಂಟರಲ್ಲಿ."

"ಲಿಫ್ಟ್ ಮೇಲೆ ಎತ್ತಿ ನೋಡಿದ್ರಾ?"

"ಇಲ್ಲಪ್ಪ. ಒಂದು ರೌಂಡ್ ಓಡಿಸ್ಕೊಂಡು ಬಂದು ಕಂಪ್ಯೂಟರಲ್ಲಿ ಹೊಡೆದು ಕೊಟ್ರು."

ಎತ್ತಿ ನೋಡಿಲ್ಲ! ಒಂದು ನಟ್ಟನ್ನೂ ಮುಟ್ಟಿಲ್ಲ. ಪೆನ್ಷನ್ ದುಡ್ಡಲ್ಲಿ ಬದುಕುವವರಿಗೆ 30,000 ರೂಪಾಯಿಯ ಚೀಟಿ ಕೊಟ್ಟು ಕಳಿಸಿದ್ದಾರೆ.

ನಾನು ಐಟಿಐಯಲ್ಲಿ ಮೋಟಾರ್ ವೆಹಿಕಲ್ ಟ್ರೇಡ್ ಪಾಠ ಮಾಡುವವನು ಅಂತ ನಿಮಗೆಲ್ಲ ಗೊತ್ತು. ಇವತ್ತು ಬೆಳಿಗ್ಗೆ ಮೇಷ್ಟ್ರನ್ನು ಕರೆದುಕೊಂಡು ನನ್ನ ಹಳೇ ವಿದ್ಯಾರ್ಥಿಯೊಬ್ಬನ ಗ್ಯಾರೇಜಿಗೆ ಹೋದೆ. ಹುಡುಗ ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದ. ಚಕ್ರ ಓರೆಯಾಗಿ ನಿಂತಿತು. ಕೆಳಗೆ ಗೋಣಿಚೀಲ ಹಾಸಿ ಕೂತು, ಟೈರಿನ ಹಿಂದೆ ಕೈ ತೂರಿಸಿ, ಬೆರಳಿನಷ್ಟು ದಪ್ಪದ ಒಂದು ಸರಳು ಹಿಡಿದು ಜೋರಾಗಿ ಅಲ್ಲಾಡಿಸಿದ. ಟಕ್ ಟಕ್.

"ಸಾರ್, ಇಲ್ಲಿ ಕೈ ಇಡಿ" ಅಂದ. ಸರಳಿನ ತುದಿಯ ಗುಂಡಿನ ಮೇಲೆ ಬೆರಳಿಟ್ಟೆ. ರಬ್ಬರ್ ಬೂಟು ಹರಿದಿತ್ತು. ಒಳಗೆ ಗ್ರೀಸಿನ ಜಾಗದಲ್ಲಿ ಕೆಂಪು ಮಣ್ಣು. ಸರಳು ಅಲ್ಲಾಡಿದಾಗೆಲ್ಲ ಗುಂಡು ತನ್ನ ಗೂಡಿನೊಳಗೆ ಕುಣಿಯುತ್ತಿದ್ದದ್ದು ಬೆರಳಿಗೇ ತಿಳಿಯಿತು. ಆಮೇಲೆ ಗಾಡಿಯನ್ನು ಎತ್ತಿ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮಿಗೆ ಸಬ್ಬಲ್ ಕೊಟ್ಟು ಮೀಟಿ ನೋಡಿದ. ಅದರ ರಬ್ಬರ್ ಬುಷ್ ಗಟ್ಟಿ, ತುದಿಯ ಬಾಲ್ ಜಾಯಿಂಟ್ ಗಟ್ಟಿ, ಶಾಕ್ ಒಣಗಿದೆ, ಎಣ್ಣೆ ಸೋರಿಲ್ಲ. ಹೋಗಿದ್ದದ್ದು ಮೊದಲು ಅಲ್ಲಾಡಿಸಿದ ಆ ಸರಳು, ಅಂದರೆ ಲಿಂಕ್ ರಾಡ್ ಮಾತ್ರ. ಎರಡೂ ಕಡೆ ಹೊಸದು ಹಾಕಿಸಿದೆವು, ಶಬ್ದ ನಿಂತಿತು. ಎಸ್ಟಿಮೇಟಿನಲ್ಲಿದ್ದ ದುಡ್ಡಿನ ಹತ್ತನೇ ಒಂದು ಭಾಗವೂ ಖರ್ಚಾಗಲಿಲ್ಲ.

ಇನ್ನೂ ಕೇಳಿ. ಆ ಎಸ್ಟಿಮೇಟಿನಲ್ಲಿ ಲಿಂಕ್ ರಾಡ್ ಇರಲೇ ಇಲ್ಲ! ಮೇಷ್ಟ್ರು 30,000 ಕೊಟ್ಟು ಎಲ್ಲಾ ಬದಲಾಯಿಸಿದ್ದರೂ ಕಟಕಟ ಹಾಗೇ ಇರುತ್ತಿತ್ತು.

ನಮ್ಮ ಗಾಡಿಯ ಕೆಳಗೆ ಏನಿದೆ ಅಂತ ನಾವೂ ತಿಳಿದುಕೊಳ್ಳಬೇಕು. ಅದೇನು ಬ್ರಹ್ಮವಿದ್ಯೆ ಅಲ್ಲ. ಬ್ರೆಝಾ, ನೆಕ್ಸಾನ್, ವೆನ್ಯೂ, ಸೋನೆಟ್, 4 ಮೀಟರ್ ಒಳಗಿನ ಈ ಎಸ್‌ಯುವಿಗಳಲ್ಲಿ ಯಾವುದನ್ನೇ ತೆಗೆದುಕೊಳ್ಳಿ, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟ್ವಿಸ್ಟ್ ಬೀಮ್, ಅಂದರೆ ಹಿಂದಿನ ಎರಡೂ ಚಕ್ರಗಳನ್ನು ಸೇರಿಸುವ, ತಿರುಚಿಕೊಳ್ಳಬಲ್ಲ ಒಂದು ತೊಲೆ. ನೋಡಲು ಜೀಪಿನ ಗತ್ತು, ಕೆಳಗೆ ಇರುವುದು ಮಾಮೂಲಿ ಕಾರಿನ ಸಸ್ಪೆನ್ಷನ್ನೇ. ಸ್ವಲ್ಪ ಎತ್ತರ ಮಾಡಿದ್ದಾರೆ, ಅಷ್ಟೇ.

ಅರ್ಲ್ ಮ್ಯಾಕ್‌ಫರ್ಸನ್ ಅಮೆರಿಕದ ಎಂಜಿನಿಯರ್. ಅವರ ಈ ವಿನ್ಯಾಸ 1950ರ ಫೋರ್ಡ್ ಕಾನ್ಸುಲ್ ಕಾರಿನಲ್ಲಿ ಬಂತು. ನನಗೆ ಇವತ್ತಿಗೂ ಅದನ್ನು ನೋಡಿದರೆ ಖುಷಿಯಾಗುತ್ತದೆ. ಸ್ಪ್ರಿಂಗು, ಶಾಕು ಎರಡನ್ನೂ ಒಂದೇ ಕಂಬದಲ್ಲಿ ಕೂರಿಸಿ, ಮೇಲಿನ ಆರ್ಮನ್ನೇ ತೆಗೆದುಬಿಟ್ಟರು. ಭಾಗ ಕಡಿಮೆ, ಎಂಜಿನ್‌ಗೆ ಜಾಗ ಜಾಸ್ತಿ. ಆದರೆ ಆ ಕಂಬ ಬರೀ ಶಾಕ್ ಅಲ್ಲ. ಚಕ್ರವನ್ನು ನೆಟ್ಟಗೆ ಹಿಡಿದಿರುವುದೂ ಅದೇ. ಸ್ಟೇರಿಂಗ್ ತಿರುಗಿಸಿದರೆ ಕಂಬವೂ ತಿರುಗುತ್ತದೆ. ಅದಕ್ಕೇ ಅದರ ನೆತ್ತಿಯ ಮೌಂಟಿನಲ್ಲಿ ಒಂದು ಬೇರಿಂಗ್ ಇಟ್ಟಿರುತ್ತಾರೆ. ನಿಂತ ಗಾಡಿಯಲ್ಲಿ ಸ್ಟೇರಿಂಗ್ ತಿರುಗಿಸುವಾಗ ಮುಂದೆ ಕಟಕ್ ಅಂತ ಸ್ಪ್ರಿಂಗ್ ಜಾರಿದ ಹಾಗೆ ಶಬ್ದ ಬಂದರೆ ಮೊದಲು ಆ ಬೇರಿಂಗ್ ನೋಡಬೇಕು.

ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅಲ್ಲ. ಅಮುಕಿದ ಸ್ಪ್ರಿಂಗ್ ಬಿಟ್ಟರೆ ಮೇಲಕ್ಕೂ ಕೆಳಕ್ಕೂ ಕುಣಿಯುತ್ತದಲ್ವಾ? ಆ ಕುಣಿತ ನಿಲ್ಲಿಸುವುದು ಶಾಕಿನ ಕೆಲಸ. ಒಳಗಿನ ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಎಣ್ಣೆ ತೂರಿ ಹೋಗಬೇಕು. ಹೋಗುವಾಗ ಅದು ತಡೆಯುತ್ತದೆ, ಬಿಸಿಯಾಗುತ್ತದೆ. ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ.

ಹಾಗಾದರೆ ಶಾಕ್ ಹೋಗಿದೆ ಅಂತ ಗೊತ್ತಾಗುವುದು ಹೇಗೆ? ಬರೀ ಶಬ್ದದಿಂದಲ್ಲ, ಕುಣಿತದಿಂದ. ಹಂಪ್ ದಾಟಿದ ಮೇಲೆ ಗಾಡಿ ಒಂದು ಸಲ ಎದ್ದು ಕೂರಬೇಕು. ಮತ್ತೆ ಮತ್ತೆ ತಲೆ ಅಲ್ಲಾಡಿಸಿದರೆ ಅನುಮಾನ ಪಡಿ. ಟೈರಿನ ಮೇಲೆ ಅಂಗೈ ಆಡಿಸಿ. ಅಲ್ಲಲ್ಲಿ ಹಳ್ಳ ಬಿದ್ದು ಉಬ್ಬುತಗ್ಗು ಆಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಶಾಕಿನ ಮೈ ಎಣ್ಣೆಯಲ್ಲಿ ನೆನೆದು, ಅದಕ್ಕೆ ಮಣ್ಣು ಮೆತ್ತಿ ಹೆಪ್ಪುಗಟ್ಟಿದ್ದರೆ ಸೀಲ್ ಹೋಗಿದೆ, ಬದಲಾಯಿಸಿ. ಒಂದು ಕಡೆಯದು ಮಾತ್ರ ಬೇಡ, ಎರಡೂ ಕಡೆ. ಆದರೆ ಮೇಲ್ಭಾಗದಲ್ಲಿ ತೆಳ್ಳಗೆ ಧೂಳು ಅಂಟಿ ಬೆವರಿದ ಹಾಗೆ ಕಾಣುವುದು ಸಹಜ. ಅದರ ಫೋಟೋ ತೆಗೆದು ವಾಟ್ಸಾಪಿಗೆ ಕಳಿಸಿ "ಲೀಕ್ ಇದೆ ಸಾರ್" ಅನ್ನುವವರ ಮಾತಿಗೆ ತಕ್ಷಣ ಹೂಂ ಅನ್ನಬೇಡಿ.

ಈಗ ಆ ಲಿಂಕ್ ರಾಡಿಗೆ ಬರುತ್ತೇನೆ. ನಮ್ಮ ರಸ್ತೆಗಳಲ್ಲಿ ಮೊದಲು ಸಾಯುವುದು ಅದೇ.

ಈ ಗಾಡಿಗಳು ಎತ್ತರ. ನೆಲದಿಂದ ಹೊಟ್ಟೆಗೆ ಹೆಚ್ಚುಕಡಿಮೆ 200 ಮಿಲಿಮೀಟರ್. ತಿರುವಿನಲ್ಲಿ ಹೊರಗಡೆಗೆ ವಾಲುತ್ತವೆ. ಅದನ್ನು ತಡೆಯಲು ಎಡ ಚಕ್ರದಿಂದ ಬಲ ಚಕ್ರದವರೆಗೆ ಅಡ್ಡಕ್ಕೆ ಒಂದು ಸ್ಟೆಬಿಲೈಜರ್ ಬಾರ್ ಇರುತ್ತದೆ. ಒಂದು ಚಕ್ರ ಎದ್ದು ಇನ್ನೊಂದು ಇಳಿದರೆ ಆ ಬಾರ್ ತಿರುಚಿಕೊಂಡು ಎರಡನ್ನೂ ಒಂದೇ ಮಟ್ಟಕ್ಕೆ ಎಳೆಯುತ್ತದೆ. ಬಾರಿನ ತುದಿಯನ್ನು ಸ್ಟ್ರಟ್ಟಿಗೆ ಸೇರಿಸುವುದೇ ಲಿಂಕ್ ರಾಡ್. ಎರಡೂ ಚಕ್ರ ಒಟ್ಟಿಗೆ ಎದ್ದರೆ ಬಾರ್ ತನ್ನ ಬುಷ್‌ನಲ್ಲಿ ಸುಮ್ನೆ ತಿರುಗುತ್ತದೆ, ಲಿಂಕ್ ರಾಡಿಗೆ ಹೆಚ್ಚು ಕೆಲಸ ಇಲ್ಲ. ಒಂದೊಂದೇ ಚಕ್ರ ಎದ್ದರೆ ಪೂರ್ತಿ ಹೊಡೆತ ಅದಕ್ಕೇ.

ನಾವು ಹಂಪ್ ದಾಟುವುದು ಹೇಗೆ ನೋಡಿ. ಓರೆಯಾಗಿ! ಒಂದು ಚಕ್ರ ಹತ್ತಿಸಿ, ಆಮೇಲೆ ಇನ್ನೊಂದು. ಹೊಟ್ಟೆ ತಾಗುವ ತಗ್ಗಿನ ಕಾರುಗಳಿಗೆ ಅದು ಬೇಕಿತ್ತು, ಒಪ್ಪುತ್ತೇನೆ. 200 ಮಿಲಿಮೀಟರ್ ಎತ್ತರದ ಗಾಡಿಯಲ್ಲಿ ಯಾಕೆ? ನೇರವಾಗಿ, ನಿಧಾನವಾಗಿ ದಾಟಿ. ಪ್ರತಿ ಹಂಪಿನಲ್ಲೂ ಆ ಬಾರನ್ನು ತಿರುಚಿ ತಿರುಚಿ ನಾವೇ ಲಿಂಕ್ ರಾಡ್ ಸವೆಸುತ್ತೇವೆ.

ಹಂಪ್ ಕಟ್ಟುವವರ ತಪ್ಪೂ ಇದೆ, ಬಿಡುವುದಿಲ್ಲ. ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ನಿಯಮದಲ್ಲಿ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಅಂತ ಇತ್ತು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬೇಕು. ನಮ್ಮ ಊರುಗಳಲ್ಲಿ ಅಂಥದ್ದು ಎಷ್ಟು ಕಡೆ ಇದೆ, ನೀವೇ ನೋಡಿ. ಒಂದು ಅಡಿ ಅಗಲದಲ್ಲಿ ಗೋಡೆ ಎಬ್ಬಿಸಿದ ಹಾಗೆ ಕಾಂಕ್ರೀಟ್ ಸುರಿದು, ಬಣ್ಣವನ್ನೂ ಬಳಿಯದೆ ಹೋಗಿರುತ್ತಾರೆ. "ಅವೈಜ್ಞಾನಿಕ ಹಂಪ್" ಅಂತ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಹಂಪ್ ಮಾತ್ರ ಅಲ್ಲೇ ಇರುತ್ತದೆ.

ಗುಂಡಿಗೆ ಇಳಿಯುವಾಗ ಬ್ರೇಕ್ ಒತ್ತಿ ಹಿಡಿದಿರುವುದೂ ಅಷ್ಟೇ ಕೆಟ್ಟದ್ದು. ಬ್ರೇಕ್ ಹಾಕಿದಾಗ ಮೂತಿ ಬಗ್ಗಿ ಮುಂದಿನ ಸ್ಪ್ರಿಂಗ್ ಮೊದಲೇ ಅಮುಕಿರುತ್ತದೆ. ಉಳಿದ ಜಾಗ ಕಡಿಮೆ. ಆಗಲೇ ಗುಂಡಿ ಸಿಕ್ಕಿದರೆ ಧಡ್ ಅಂತ ಕೊನೆಯ ತಡೆಯಾದ ಬಂಪ್ ಸ್ಟಾಪಿಗೆ ಬಡಿಯುತ್ತದೆ. ವೇಗವನ್ನು ಗುಂಡಿಗಿಂತ ಮೊದಲೇ ಇಳಿಸಿ, ಇಳಿಯುವ ಹೊತ್ತಿಗೆ ಬ್ರೇಕ್ ಬಿಡಿ. ಮಳೆಗಾಲದಲ್ಲಿ ಘಾಟಿ ಹತ್ತಿಳಿಯುವವರಿಗೆ ಇದು ಬಹಳ ಮುಖ್ಯ. ನೀರು ನಿಂತ ಗುಂಡಿಯ ಆಳ ಯಾರಿಗೂ ಕಾಣುವುದಿಲ್ಲ.

ಟೈರ್ ಗಾಳಿಯನ್ನೂ ಹೇಳಿಬಿಡುತ್ತೇನೆ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದಲ್ಲೇ ಸ್ಟಿಕ್ಕರ್ ಇರುತ್ತದೆ. ಸಾಮಾನ್ಯವಾಗಿ 32, 33 ಅಂತ ಇರುತ್ತದೆ. ಬಂಕಿನಲ್ಲಿ 40 ತುಂಬಿಸಿಕೊಂಡು "ಸಸ್ಪೆನ್ಷನ್ ಕಲ್ಲಿನ ಹಾಗಿದೆ" ಅಂತ ನನ್ನ ಹತ್ತಿರ ಬರುವವರಿದ್ದಾರೆ. ಮೊದಲು ಟೈರ್ ತಣ್ಣಗಿದ್ದಾಗ ಗಾಳಿ ಸರಿಮಾಡಿ, ಆಮೇಲೆ ಮಾತಾಡೋಣ.

ಮತ್ತೆ ನನ್ನ ಸಿಟ್ಟಿಗೆ. ಭಾಗ ನಿಜವಾಗಿ ಹೋಗಿದ್ದರೂ, ಹಾಕುವ ರೀತಿ ಸರಿ ಇರಬೇಕಲ್ಲ! ಲೋಯರ್ ಆರ್ಮಿನ ಬುಷ್ ಅಂದರೆ ಕಬ್ಬಿಣದ ಎರಡು ಕೊಳವೆಗಳ ನಡುವೆ ಅಂಟಿಸಿದ ರಬ್ಬರ್. ಅದು ಜಾರಿ ತಿರುಗುವುದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ. ಲಿಫ್ಟ್ ಮೇಲೆ ಚಕ್ರ ಜೋತಾಡುತ್ತಿರುವಾಗ ಬೋಲ್ಟ್ ಪೂರ್ತಿ ಬಿಗಿದರೆ, ಗಾಡಿ ಕೆಳಗಿಳಿದ ಕೂಡಲೇ ಆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಹಗಲೂ ರಾತ್ರಿ, ನಿಂತಿರುವಾಗಲೂ. ಬೇಗ ಹರಿಯುತ್ತದೆ. ಬೋಲ್ಟನ್ನು ಸಡಿಲವಾಗಿ ಕೂರಿಸಿ, ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿ ಕೊಡಬೇಕು. ಇದಕ್ಕೆ ಬೇಕಾಗಿರುವುದು ಐದು ನಿಮಿಷ ಮತ್ತು ಬಿಗಿಯನ್ನು ಅಳೆದು ಕೊಡುವ ಒಂದು ಟಾರ್ಕ್ ವ್ರೆಂಚ್. ಆ ಐದು ನಿಮಿಷ ಕೊಡದೆ, ಹೊಸ ಆರ್ಮ್ ಒಂದೇ ಮಳೆಗಾಲಕ್ಕೆ ಹೋದಾಗ "ನಮ್ಮ ರೋಡ್ ಸರಿ ಇಲ್ಲ ಸಾರ್" ಅನ್ನುತ್ತಾರೆ.

ಇನ್ನು ಕೆಲವರು ಕಿರ್ ಅನ್ನುವ ಬುಷ್‌ಗೆ ಡೀಸೆಲ್ಲು, ಹಳೇ ಎಣ್ಣೆ ಹೊಡೆಯುತ್ತಾರೆ. ಶಬ್ದ ಸ್ವಲ್ಪ ದಿನ ನಿಲ್ಲುತ್ತದೆ, ರಬ್ಬರ್ ಉಬ್ಬಿ ಮೆತ್ತಗಾಗಿ ಸಾಯುತ್ತದೆ. ದಯವಿಟ್ಟು ಹೊಡೆಸಬೇಡಿ.

ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರಿಗೆ ಮಧ್ಯಾಹ್ನ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವರ ವಾದ ಹೀಗಿತ್ತು: "ಒಂದು ಭಾಗ ಹಾಕಿ ಶಬ್ದ ಹೋಗದಿದ್ದರೆ ಗಿರಾಕಿ ಬಂದು ಕೂಗಾಡ್ತಾನೆ. ಎಲ್ಲಾ ಬದಲಾಯಿಸಿದರೆ ಗ್ಯಾರಂಟಿ. ಬುಷ್ ಬಿಡಿಯಾಗಿ ಸಿಗೋದಿಲ್ಲ, ಆರ್ಮ್ ಪೂರ್ತಿನೇ ಬರುತ್ತೆ. ನಾವೇನು ಮಾಡೋಣ?" ಎರಡನೆಯ ಮಾತು ಹಲವು ಗಾಡಿಗಳಿಗೆ ನಿಜ. ಒಪ್ಪಿದೆ. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಯಾವುದು ಹೋಗಿದೆ ಅಂತ ಹುಡುಕುವುದೇ ಮೆಕ್ಯಾನಿಕ್ ಕೆಲಸ. ಹುಡುಕದೆ ಎಲ್ಲಾ ಬಿಚ್ಚಿ ಹಾಕುವುದಕ್ಕೆ ಎರಡು ವರ್ಷದ ಟ್ರೇಡ್ ಯಾಕೆ ಓದಬೇಕು? ಮತ್ತೆ, ಎಲ್ಲಾ ಬದಲಾಯಿಸಿದರೂ ಮೇಷ್ಟ್ರ ಶಬ್ದ ಹೋಗುತ್ತಿರಲಿಲ್ಲವಲ್ಲ! ಗ್ಯಾರಂಟಿ ಎಲ್ಲಿ ಬಂತು?

ನನಗೆ ಇಷ್ಟು ಉರಿಯಲು ಇನ್ನೊಂದು ಕಾರಣ ಇದೆ. ಇದುವರೆಗೆ ಎಲ್ಲೂ ಬರೆದಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಇಂಥ ಕಡೆಗಳಲ್ಲೇ ಕೆಲಸಕ್ಕಿದ್ದಾರೆ. ಚೆನ್ನಾಗಿ ಕಲಿತ ಹುಡುಗರು. ಕೆಲವರು ಹಬ್ಬಕ್ಕೆ ಊರಿಗೆ ಬಂದಾಗ ಮನೆಗೆ ಬರುತ್ತಾರೆ. "ಸಾರ್, ನೀವು ಕಲಿಸಿದ ಹಾಗೆ ಕೂತು ಹುಡುಕಿದ್ರೆ ಟೈಮ್ ಜಾಸ್ತಿ ತಗೊಂಡೆ ಅಂತ ಬೈತಾರೆ. ಪಾರ್ಟ್ಸ್ ಎಷ್ಟು ಹಾಕಿಸ್ದೆ ಅಂತ ತಿಂಗಳ ಕೊನೇಲಿ ಲೆಕ್ಕ ಕೇಳ್ತಾರೆ" ಅನ್ನುತ್ತಾರೆ. ಒಬ್ಬ ಹುಡುಗ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನ ಕೈಗೆ ಕೆಲಸ ಗೊತ್ತು. ಆ ಕೈಯಿಂದ ಕೆಲಸ ಮಾಡಿಸುವುದು ಬಿಟ್ಟು ಮಾರಾಟ ಮಾಡಿಸುತ್ತಿದ್ದಾರೆ.

ಅದಕ್ಕೇ ಗಿರಾಕಿಗಳಾದ ನಾವು ಕೇಳಬೇಕು. ಕೇಳಿದರೆ ಆ ಹುಡುಗರಿಗೂ ಹುಡುಕಲು ಅವಕಾಶ ಸಿಗುತ್ತದೆ. ಜಾಬ್ ಕಾರ್ಡಿನಲ್ಲಿ "ಸಸ್ಪೆನ್ಷನ್ ಚೆಕ್" ಅಂತ ಬರೆಸಬೇಡಿ. "ಎಡಗಡೆ ಮುಂದೆ, ಸಣ್ಣ ಗುಂಡಿಯಲ್ಲಿ, ನಿಧಾನಕ್ಕೆ ಹೋಗುವಾಗ ಕಟಕಟ" ಅಂತ ಬರೆಸಿ. ಎಲ್ಲಿ, ಯಾವ ವೇಗದಲ್ಲಿ, ತಿರುಗುವಾಗಲೋ ನೇರ ಹೋಗುವಾಗಲೋ, ಇದನ್ನು ಗಮನಿಸಿ ಹೇಳಿದರೆ ಅರ್ಧ ಕೆಲಸ ಆದ ಹಾಗೆ. ವೇಗ ಹೆಚ್ಚಿದಂತೆ ಹೆಚ್ಚುವ ಗುಂಯ್ ಶಬ್ದವಾದರೆ ಟೈರ್ ಅಥವಾ ವೀಲ್ ಬೇರಿಂಗ್ ನೋಡಲಿ, ಶಾಕ್ ತಂಟೆಗೆ ಹೋಗುವುದು ಬೇಡ. ಗಾಡಿ ಎತ್ತುವಾಗ ಜೊತೆಗೆ ನಿಂತು "ಯಾವುದು ಆಡುತ್ತಿದೆ, ತೋರಿಸಿ" ಅನ್ನಿ. ಬಿಡುವುದಿಲ್ಲ ಅಂದರೆ ವಿಡಿಯೋ ಕೇಳಿ. ಬಿಚ್ಚಿದ ಹಳೇ ಭಾಗ ವಾಪಸ್ ಕೇಳಿ ತಗೊಳ್ಳಿ. ಸ್ಟ್ರಟ್ ಅಥವಾ ಲೋಯರ್ ಆರ್ಮ್ ಬಿಚ್ಚಿದ್ದರೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅನ್ನುವ ಪ್ರಿಂಟ್ ಇಸ್ಕೊಳ್ಳಿ.

ನಮ್ಮ ಹಾಸನದ ಕಡೆಯವರು ಇಂಥ ಎಸ್ಟಿಮೇಟ್ ಸಿಕ್ಕಿದರೆ ಸಹಿ ಹಾಕುವ ಮೊದಲು ನನಗೆ ಒಂದು ಫೋಟೋ ಕಳಿಸಿ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ, ಗಾಡಿಯನ್ನೇ ತಂದರೆ ಇನ್ನೂ ಒಳ್ಳೆಯದು.