ಏರಿದ ಗೇರಲ್ಲೇ ಇಳೀಬೇಕು

ಮ್ಯೂನಿಕ್‌ನಲ್ಲಿರುವ ಕನ್ನಡದವರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರು ಅಂದರೆ ಒಂದು ಆಲ್ಪ್ಸ್ ಟ್ರಿಪ್ ಆಗಲೇಬೇಕು, ಇಲ್ಲದಿದ್ದರೆ ಬಂದವರಿಗಿಂತ ಜಾಸ್ತಿ ಬೇಜಾರು ಅಕ್ಕಪಕ್ಕದ ಕನ್ನಡದವರಿಗೇ ಆಗುತ್ತದೆ. ನಮ್ಮನೆಗೆ ಹಾಸನದಿಂದ ಅತ್ತೆ ಮಾವ ಬಂದರು. ನಮ್ಮ ಮನೆಯವರು ಎಕ್ಸೆಲ್ ಶೀಟು ತೆಗೆದರು.

ಆ ಶೀಟು ನೀವು ನೋಡಬೇಕಿತ್ತು. ಘಟ್ಟಕ್ಕೊಂದು ಸಾಲು, ಸಾಲಿಗೊಂದು ಬಣ್ಣ. ಎಷ್ಟು ಮೀಟರ್ ಎತ್ತರ, ಎಷ್ಟು ತಿರುವು, ಎಲ್ಲಿ ಫೋಟೊ, ಫೋಟೊಗೆ ಎಷ್ಟು ನಿಮಿಷ, ಎಲ್ಲಾ ಇತ್ತು. ಬಾತ್‌ರೂಮಿಗೆ ಮಾತ್ರ ಕಾಲಮ್ಮೇ ಇರಲಿಲ್ಲ. ವಯಸ್ಸಾದ ಇಬ್ಬರು, ಅದರಲ್ಲಿ ಒಬ್ಬರಿಗೆ ಶುಗರ್ ಬೇರೆ, ಅವರನ್ನು ಕೂರಿಸಿಕೊಂಡು ಹೋಗುವ ಟ್ರಿಪ್ಪಿನಲ್ಲಿ! ಕೇಳಿದರೆ "ದಾರೀಲಿ ಸಿಗುತ್ತೆ ಬಿಡೇ" ಅಂದರು.

ದಾರಿ ಹೀಗೆ: ಮ್ಯೂನಿಕ್ ಬಿಟ್ಟು ಗಾರ್ಮಿಶ್, ಫರ್ನ್‌ಪಾಸ್, ರೆಶೆನ್ ದಾಟಿ ಇಟಲಿ, ಅಲ್ಲಿ ಸ್ಟೆಲ್ವಿಯೊ ಹತ್ತಿ ಉಂಬ್ರೈಲ್ ಕಡೆ ಇಳಿದರೆ ಸ್ವಿಟ್ಜರ್‌ಲೆಂಡ್, ಆಮೇಲೆ ಓಬರಾಲ್ಪ್, ಫುರ್ಕಾ, ಗ್ರಿಮ್ಸೆಲ್ ಘಟ್ಟಗಳು, ಕೊನೆಗೆ ಇಂಟರ್‌ಲಾಕೆನ್. ಮ್ಯಾಪಿನಲ್ಲಿ ಬೆರಳಿಟ್ಟು ಎಳೆದರೆ ಏನೂ ಇಲ್ಲ, ಒಂದು ಗೇಣು. ನಮ್ಮ ಮಾವ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿ ರಿಟೈರ್ ಆದವರು, ಶಿರಾಡಿ ಘಾಟಿಯಲ್ಲಿ ಮಳೆಗಾಲ ಬೇಸಿಗೆ ಅನ್ನದೆ ಹಾಸನ–ಮಂಗಳೂರು ಬಸ್ಸು ಓಡಿಸಿದವರು. ಕನ್ನಡಕ ಏರಿಸಿ ಶೀಟನ್ನು ಮೇಲಿಂದ ಕೆಳಗೆ ನೋಡಿದರು. "ಇದನ್ನ ಬರೆದ ಡಿಪೋ ಮ್ಯಾನೇಜರು ಯಾವತ್ತಾದ್ರೂ ಘಾಟಿ ಹತ್ತಿದ್ದಾನೇನೋ?" ಅಂತ ಕೇಳಿ ವಾಪಸ್ ಕೊಟ್ಟರು.

ಮಾವನಿಗೆ ಇನ್ನೊಂದು ಸಿಟ್ಟು ಸ್ವಿಸ್ ವಿನ್ಯೆಟ್ ಮೇಲೆ. ಅಲ್ಲಿನ ಹೈವೇಗೆ ಕಾರು ಹತ್ತಿಸಬೇಕಾದರೆ 40 ಫ್ರಾಂಕ್ ಕೊಟ್ಟು ಇದನ್ನು ತಗೋಬೇಕು, ಇರುವುದು ವರ್ಷದ ಪಾಸು ಒಂದೇ, ಆಸ್ಟ್ರಿಯಾದಲ್ಲಿ ಸಿಗುವ ಹಾಗೆ ಹತ್ತು ದಿನದ್ದು ಸಿಗುವುದಿಲ್ಲ. ತಮಾಷೆ ಅಂದರೆ ಘಟ್ಟದ ರಸ್ತೆಗಳಿಗೆ ಅದು ಬೇಕಾಗಿಯೇ ಇಲ್ಲ. ಕೊರೆದು, ಕಟ್ಟಿ, ಹಿಮ ಬಾಚಿ ಇಟ್ಟ ರಸ್ತೆ ಬಿಟ್ಟಿ, ಸಪಾಟು ಹೈವೇಗೆ ದುಡ್ಡು. ಮಾವ ಇದನ್ನು ಒಪ್ಪಲೇ ಇಲ್ಲ.

ಹೊರಟಿದ್ದು ಶನಿವಾರ. ಬೇಸಿಗೆ ರಜೆಯ ಶನಿವಾರ ಫರ್ನ್‌ಪಾಸ್‌ಗೆ ಹೋಗಬಾರದು ಅನ್ನುವುದು ಈ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು, ಜರ್ಮನಿಯ ಅರ್ಧ ಜನ ಆವತ್ತು ಅದೇ ದಾರಿಯಲ್ಲಿ ಇಟಲಿಗೆ ಹೊರಟಿರುತ್ತಾರೆ. ಆದರೆ ಆಫೀಸಿಗೆ ರಜೆ ಸಿಕ್ಕಿದ್ದೇ ಆವತ್ತು. ಮುಂದೆ ಇದ್ದ ಕಾರವಾನಿನ ಹಿಂಬದಿಯಲ್ಲಿ ಅಂಟಿಸಿದ್ದ ಸ್ಟಿಕ್ಕರ್‌ಗಳೆಲ್ಲ ಅತ್ತೆಗೆ ಬಾಯಿಪಾಠವಾದವು. ಅಷ್ಟರಲ್ಲಿ ಫೋನು "ಬಲಕ್ಕೆ ತಿರುಗಿ, ಸಮಯ ಉಳಿಯುತ್ತದೆ" ಅನ್ನುವ ಅರ್ಥದಲ್ಲಿ ಏನೋ ಹೇಳಿತು, ನಮ್ಮವರ ಮುಖ ಅರಳಿತು. ತಿರುಗಿದ ಕೂಡಲೇ ಹಳದಿ ಜಾಕೆಟ್ಟಿನ ಒಬ್ಬ ಕೈ ಅಡ್ಡ ಹಿಡಿದು ನಿಂತಿದ್ದ. ಬೇಸಿಗೆಯ ವಾರಾಂತ್ಯಗಳಲ್ಲಿ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದವರು ಹೀಗೆ ಒಳದಾರಿ ಹಿಡಿದು ಹಳ್ಳಿಗೆ ನುಗ್ಗುವ ಗಾಡಿಗಳನ್ನು ತಡೆಯುತ್ತಾರೆ. ವಾಪಸ್ ಬಂದರೆ ಅದೇ ಕಾರವಾನು ಈಗ ತುಂಬಾ ಮುಂದೆ. ಅತ್ತೆಗೆ ಅದಿಲ್ಲದೆ ಬೇಜಾರು.

ರೆಶೆನ್ ಕೆರೆ ಶೀಟಿನಲ್ಲಿ "ಗಂಟೆ ಗೋಪುರ, 10 ನಿಮಿಷ" ಅಂತ ಇತ್ತು. ನೀರಿನ ಮಧ್ಯೆ ಚರ್ಚಿನ ಗೋಪುರ ಒಂದೇ ನಿಂತಿದೆ. ಕರೆಂಟಿಗಾಗಿ ಅಣೆಕಟ್ಟು ಕಟ್ಟಿ 1950ರಲ್ಲಿ ಗ್ರೌನ್ ಅನ್ನುವ ಹಳ್ಳಿಯನ್ನು ಮುಳುಗಿಸಿದರು, ಮನೆ ಮಠ ಎಲ್ಲ ಹೋಗಿ ಉಳಿದಿದ್ದು ಇದು. ಅಲ್ಲಿ ಎಲ್ಲರೂ ಸೆಲ್ಫಿ ತೆಗೆಯುತ್ತಿದ್ದರೆ ಮಾವ "ನಮ್ ಶೆಟ್ಟಿಹಳ್ಳಿ ಚರ್ಚು ಕಣೇ ಇದು" ಅಂತ ಅತ್ತೆಗೆ ತೋರಿಸಿದರು. ಹೌದಲ್ವಾ, ಹೇಮಾವತಿ ಹಿನ್ನೀರಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಅದೇ ಕಥೆ. ಆಮೇಲೆ ಮುಳುಗಡೆಯಲ್ಲಿ ಜಮೀನು ಕಳಕೊಂಡ ನೆಂಟರು, ಅವರಿಗೆ ಪರಿಹಾರ ಸಿಕ್ಕಿತೋ ಇಲ್ಲವೋ, ಅವರ ಮಗಳ ಮದುವೆ ಎಲ್ಲಾಯಿತು... ಹತ್ತು ನಿಮಿಷ ಎಲ್ಲಿ ಸಾಕಾಗುತ್ತೆ? ನನ್ನ ಕೇಳಿದರೆ ಇಡೀ ಟ್ರಿಪ್ಪಿನಲ್ಲಿ ನಿಲ್ಲಲೇಬೇಕಾದ ಜಾಗ ಅದೇ. ನಮ್ಮವರು ಮಾತ್ರ ಕಾರಿನ ಹತ್ತಿರ ನಿಂತು ಕೀ ಅಲ್ಲಾಡಿಸುತ್ತಿದ್ದರು.

ಊಟದ ಹೊತ್ತು ಮೀರಿತ್ತು. ಈ ಹಳ್ಳಿಗಳಲ್ಲಿ ಮಧ್ಯಾಹ್ನ ಎರಡರ ಮೇಲೆ ಅಡುಗೆ ಮನೆ ಮುಚ್ಚಿದರೆ ಮತ್ತೆ ತೆಗೆಯುವುದು ಸಂಜೆಗೇ. ಹಾಗಾಗಿ ಪಾರ್ಕಿಂಗಿನ ಬೆಂಚಿನಲ್ಲಿ ಕೂತು ಅತ್ತೆ ತಂದಿದ್ದ ಪುಳಿಯೋಗರೆ ತಿಂದೆವು. ಪುಳಿಯೋಗರೆ ತಿಂದು ಸ್ಟೆಲ್ವಿಯೊ ಹತ್ತಬಾರದು ಅಂತ ಆಮೇಲೆ ಗೊತ್ತಾಯಿತು.

ಸ್ಟೆಲ್ವಿಯೊ 2757 ಮೀಟರ್. ಪ್ರಾಡ್ ಕಡೆಯಿಂದ ಹತ್ತಿದರೆ 48 ಹೇರ್‌ಪಿನ್ ತಿರುವು, ಪ್ರತಿ ತಿರುವಿನಲ್ಲೂ ನಂಬರ್ ಹಾಕಿದ್ದಾರೆ, ಅದೂ ಮೇಲಿಂದ ಕೆಳಕ್ಕೆ, ಅಂದರೆ ಹತ್ತುವವರಿಗೆ 48ರಿಂದ ಶುರು. ಅತ್ತೆ ನಿಂಬೆಹಣ್ಣು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. "ಎಷ್ಟಾಯ್ತು ಕಣೇ?" "ನಲವತ್ತೊಂದು, ಅತ್ತೆ." "ಅಯ್ಯೋ ಅಷ್ಟಾಯ್ತಾ, ಇನ್ನೇನು ಬಂತು ಬಿಡು." ನಾನು ಸರಿ ಮಾಡಲು ಹೋಗಲಿಲ್ಲ. ಮುಂದೆ ಸೈಕಲ್ಲಿನವರು, ಹಿಂದೆ ಬೈಕಿನವರು, ಎದುರಿಗೆ ಇಡೀ ರಸ್ತೆ ತಗೊಂಡು ತಿರುಗುವ ಕಾರುಗಳು. ಈ ರಸ್ತೆಯನ್ನು ಆಸ್ಟ್ರಿಯಾದ ದೊರೆತನಕ್ಕಾಗಿ ಕಾರ್ಲೋ ದೊನೆಗಾನಿ ಅನ್ನುವ ಎಂಜಿನಿಯರು 1820ರಿಂದ 1825ರೊಳಗೆ ಮಾಡಿ ಮುಗಿಸಿದ ಅಂತ ನಮ್ಮವರು ಶೀಟು ನೋಡಿ ಓದಿದರು. "ಅದಕ್ಕೇ ಹಿಂಗಿದೆ" ಅಂದರು ಮಾವ, "ಕುದುರೆ ಗಾಡಿಗೆ ಹಾಕಿದ ತಿರುವು ಕಣೋ, ನೀನು ನಾಲ್ಕನೇ ಗೇರಲ್ಲಿ ತಿರುಗಿಸ್ತೀನಿ ಅಂದ್ರೆ?"

ಇಪ್ಪತ್ತೊಂಬತ್ತು ಅಂದಾಗ ಅತ್ತೆ ಕಣ್ಣು ಬಿಟ್ಟರು. ಲೆಕ್ಕ ಕಮ್ಮಿ ಆಗುತ್ತಿದೆ ಅಂತ ಗೊತ್ತಾಗಿ, "ಏನು, ಹಿಂದಕ್ಕೆ ಹೋಗ್ತಿದೀವಾ?" ಅಂತ ಕೇಳಿದ್ದೇ ಕೊನೆಯ ಮಾತು, ಆಮೇಲೆ ಬಾಗಿಲು ತೆಗೆಯಲಷ್ಟೇ ಸಮಯ ಇದ್ದದ್ದು. ಶೀಟಿನಲ್ಲಿ ಇಲ್ಲದ ಆ ಸ್ಟಾಪಿನಿಂದ ಓರ್ಟ್ಲರ್ ಶಿಖರ, 3905 ಮೀಟರ್, ಬಿಳಿ ಹಿಮದ ಸಮೇತ ತುಂಬಾ ಚೆನ್ನಾಗಿ ಕಾಣುತ್ತಿತ್ತು. ಫೋಟೊ ತೆಗೆದೆ. ಅತ್ತೆ ಫ್ರೇಮಿನಲ್ಲಿಲ್ಲ.

ತುದಿಯಲ್ಲಿ ಅಂಗಡಿಯೋ ಅಂಗಡಿ. ಟೀ ಶರ್ಟು, ಸ್ಟಿಕ್ಕರು, ಸಾಸೇಜು ಬೇಯುವ ಹೊಗೆ. ಸಾಸೇಜು ಬೇಡ, ಬರೀ ಬ್ರೆಡ್ಡಿನಲ್ಲಿ ಆ ಹುಳಿ ಎಲೆಕೋಸು ಕೊಡಿ ಅಂದೆ. ಅಂಗಡಿಯವನು ನನ್ನ ಮುಖ ನೋಡಿದ, ಬ್ರೆಡ್ಡು ನೋಡಿದ, ಮತ್ತೆ ನನ್ನ ಮುಖ ನೋಡಿದ, ಕೊಟ್ಟ. ದುಡ್ಡು ಸಾಸೇಜಿನದ್ದೇ. ಅತ್ತೆ ಕೈಚೀಲದಿಂದ ಉಪ್ಪಿನಕಾಯಿ ತೆಗೆದು ಹಚ್ಚಿಕೊಂಡರು, ಹೊಟ್ಟೆ ಸರಿಹೋಯಿತು.

ಇಳಿಯುವುದು ಉಂಬ್ರೈಲ್ ಕಡೆಗೆ. 2501 ಮೀಟರಿನ ಈ ಘಟ್ಟ ಸ್ವಿಟ್ಜರ್‌ಲೆಂಡಿನ ಟಾರು ಹಾಕಿದ ಘಟ್ಟಗಳಲ್ಲೇ ಎತ್ತರದ್ದು, ರಸ್ತೆ ಮಾತ್ರ ಸಪೂರ. ಸ್ವಲ್ಪ ದೂರ ಹೋದ ಮೇಲೆ ಏನೋ ಸುಟ್ಟ ವಾಸನೆ. ಮಾವ ಸೀಟಿನಿಂದ ಮುಂದೆ ಬಾಗಿದರು. "ಬ್ರೇಕ್ ಮೇಲಿಂದ ಕಾಲು ತೆಗಿ. ಎರಡನೇ ಗೇರಿಗೆ ಹಾಕು. ಏರಿದ ಗೇರಲ್ಲೇ ಇಳೀಬೇಕು, ಶಿರಾಡೀಲಿ ಹೊಸ ಹುಡುಗರಿಗೆ ಮೊದಲು ಕಲಿಸೋದೇ ಇದು." ಬ್ರೇಕು ಒತ್ತಿಕೊಂಡೇ ಇಳಿದರೆ ಅದು ಕಾದು, ಒಳಗಿನ ಎಣ್ಣೆ ಕುದಿದು, ಪೆಡಲ್ಲು ಮೆತ್ತಗಾಗಿ ಕೊನೆಗೆ ಒತ್ತಿದರೂ ಹಿಡಿಯದ ಹಾಗೆ ಆಗುತ್ತದಂತೆ. ನಮ್ಮವರು ಮಾತಿಲ್ಲದೆ ಗೇರ್ ಇಳಿಸಿದರು. ಎಂಜಿನ್ನು ಕೂಗಿಕೊಂಡು ಕಾರು ತಾನೇ ನಿಧಾನವಾಯಿತು.

ಆಗ ಕೇಳಿಸಿತು ಹಾರ್ನು. ಮೂರು ಸ್ವರದ್ದು. ಸ್ವಿಸ್ ಅಂಚೆಯವರು ಜನರಿಗಾಗಿ ಓಡಿಸುವ ಪೋಸ್ಟ್ ಬಸ್ಸಿನ ಹಾರ್ನ್ ಅದು, ರೊಸ್ಸಿನಿಯ ವಿಲಿಯಂ ಟೆಲ್ ಒಪೆರಾದ ಸಂಗೀತದಿಂದ ತಗೊಂಡದ್ದು, ಎದುರು ಕಾಣದ ತಿರುವುಗಳಲ್ಲಿ ಬಾರಿಸುತ್ತಾರೆ. ನೀಲಿ ಬೋರ್ಡಿನ ಮೇಲೆ ಹಳದಿ ಕೊಂಬಿನ ಚಿತ್ರ ಕಂಡರೆ ಅದು ಬೆಟ್ಟದ ಪೋಸ್ಟ್ ರಸ್ತೆ, ಅಲ್ಲಿ ಬಸ್ಸಿನ ಡ್ರೈವರ್ ಹೇಳಿದ ಹಾಗೆ ಉಳಿದವರು ಕೇಳಬೇಕು. ತಿರುವಿನಿಂದ ಹಳದಿ ಬಸ್ಸಿನ ಮೂತಿ ಬಂತು. ಡ್ರೈವರ್ ಎರಡು ಬೆರಳು ಹಿಂದಕ್ಕೆ ಆಡಿಸಿದ. ರಿವರ್ಸು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ನಮ್ಮವರ ಕಿವಿ ಕೆಂಪಾಯಿತು.

ಮಾವ ಬಾಗಿಲು ತೆಗೆದು ಇಳಿದೇಬಿಟ್ಟರು. ಮಂಕಿ ಕ್ಯಾಪು, ಸ್ವೆಟರು, ಪಂಚೆ. ಕಾರಿನ ಹಿಂದೆ ನಿಂತು ಡಿಕ್ಕಿಗೆ ಅಂಗೈಯಲ್ಲಿ ಬಡಿಯುತ್ತಾ, "ಬಾ ಬಾ ಬಾ ಬಾ... ಬಲಕ್ಕೆ ಕಟ್ ಮಾಡು... ಬಾ ಬಾ... ಹೋಲ್ಡಾನ್!" ಸಂಜೆ ಬಿಸಿಲಲ್ಲಿ ಇಡೀ ಕಣಿವೆಗೆ ಹಾಸನ ಬಸ್‌ಸ್ಟ್ಯಾಂಡು ಕೇಳಿಸಿತು. ಕಾರು ಅಗಲದ ಜಾಗಕ್ಕೆ ಸರಿಯಿತು. ಬಸ್ಸು ಉಜ್ಜುವಷ್ಟು ಹತ್ತಿರದಿಂದ ಹೋಯಿತು, ಡ್ರೈವರ್ ಮಾವನಿಗೆ ಕೈ ಎತ್ತಿದ, ಮಾವ ಸೆಲ್ಯೂಟ್ ಹೊಡೆದರು. ಆಮೇಲೆ ಟ್ರಿಪ್ಪಿನಲ್ಲಿ ಶೀಟಿನ ಮಾತು ಯಾರೂ ಎತ್ತಲಿಲ್ಲ.

ರಾತ್ರಿ ಮ್ಯೂಸ್ಟೈರ್ ಕಣಿವೆಯಲ್ಲಿ ಉಳಿದೆವು, ಮುಂದಿನ ದಾರಿಯಲ್ಲಿ ಓಬರಾಲ್ಪ್ ದಾಟಿದ್ದು ಯಾರಿಗೂ ನೆನಪಿಲ್ಲ, ಎಲ್ಲರೂ ನಿದ್ದೆ, ಓಡಿಸುವವರನ್ನು ಬಿಟ್ಟು. ಫುರ್ಕಾದಲ್ಲಿ ಎದ್ದೆವು. ರೋನ್ ನದಿ ಹುಟ್ಟುವ ಹಿಮನದಿ ಅಲ್ಲಿ ರಸ್ತೆ ಪಕ್ಕದಲ್ಲೇ. ಕರಗದಿರಲಿ ಅಂತ ಒಂದಷ್ಟು ಜಾಗಕ್ಕೆ ಬಿಳಿ ಹೊದಿಕೆ ಹೊದಿಸಿಟ್ಟಿದ್ದರು. "ಹಿಮಕ್ಕೂ ಕಂಬಳಿನಾ?" ಅಂತ ಅತ್ತೆ ನಕ್ಕರು, ಆಮೇಲೆ ಯಾಕೆ ಅಂತ ಕೇಳಿ ಸುಮ್ಮನಾದರು. ಕೆಳಗೆ ಗ್ಲೆಚ್‌ನಲ್ಲಿ ಕಾರು ನಿಲ್ಲಿಸಿ ಹೊಳೆಗಿಳಿದು ನೀರಿನ ಬಾಟಲಿ ತುಂಬಿಸಿಕೊಂಡರು, ನದಿ ಹುಟ್ಟುವ ಜಾಗದ ನೀರಲ್ವಾ, ಪೂಜೆಗೆ. ನೀರು ಸಿಮೆಂಟು ಬಣ್ಣ. ಹಿಮ ಅರೆದ ಕಲ್ಲಿನ ಹಿಟ್ಟು ಅದು, ಮನೆಗೆ ಬಂದ ಮೇಲೆ ಬಾಟಲಿಯ ತಳದಲ್ಲಿ ಒಂದು ಬೆರಳು ಗಸಿ ಕೂತಿತ್ತು.

ಗ್ರಿಮ್ಸೆಲ್‌ಗೆ ಶೀಟಿನಲ್ಲಿ ಐದು ನಕ್ಷತ್ರ. ಹೋದರೆ ಮಂಜು. 2164 ಮೀಟರ್ ಅನ್ನುವ ಬೋರ್ಡು ಕಂಡಿತು, ಅದರ ಹಿಂದಿನ ಕೆರೆಯೂ ಕಾಣಲಿಲ್ಲ. ಮುಂದೆ ಯಾವುದೋ ಕೆಂಪು ದೀಪ. "ಹಳದಿ ಬಸ್ಸು ಕಣೋ ಅದು, ಹಿಂದೇನೇ ಹಾಕು, ಓವರ್‌ಟೇಕ್ ಮಾತೇ ಇಲ್ಲ" ಅಂದರು ಮಾವ. ಬಸ್ಸು ನಿಂತಲ್ಲೆಲ್ಲ ನಾವೂ ನಿಂತೆವು, ಯಾರು ಹತ್ತಿದರು ಯಾರು ಇಳಿದರು ಅಂತ ನೋಡಿದೆವು, ಅದು ಹೊರಟಾಗ ಹೊರಟೆವು. ಹಾಗೇ ಮೈರಿಂಗನ್ ರೈಲ್ವೆ ಸ್ಟೇಷನ್ ತನಕ.

ಬಸ್ಸಿನ ಡ್ರೈವರ್ ಇಳಿದು ಕಾಫಿ ಹಿಡಿದು ನಿಂತಿದ್ದ. ಮಾವ ನೇರ ಹೋಗಿ ಅವನ ಕೈ ಕುಲುಕಿದರು. ಅವನದ್ದು ಸ್ವಿಸ್ ಜರ್ಮನ್, ಇವರದ್ದು ಹಾಸನದ ಕನ್ನಡ, ಸ್ಟೇರಿಂಗು, ಗೇರು, ತಿರುವು ಎಲ್ಲ ಕೈಯಲ್ಲೇ ನಡೆಯಿತು. ಅವನು ಮಾವನನ್ನು ಮೆಟ್ಟಿಲು ಹತ್ತಿಸಿ ಆ ಹಾರ್ನಿನ ಬಟನ್ ತೋರಿಸಿದ. ಈ ಕಡೆ ನಮ್ಮವರು ಹೋಟೆಲಿಗೆ ಲೇಟಾಯಿತು ಅಂತ ಕಾರಿನ ಹಾರ್ನ್ ಹೊಡೆದರು. ಮಾವ ತಿರುಗಿಯೂ ನೋಡಲಿಲ್ಲ, ನನ್ನನ್ನು ಕರೆದು, "ಇವರಿಗೆ ಓಟಿ ಕೊಡ್ತಾರಾ ಕೇಳಮ್ಮ" ಅಂದರು.