ನಾಲ್ಕು ಪಿಕ್ ಕೊಟ್ಟು ತಂದ ಹುಡುಗ, ಕೊನೆಯಲ್ಲಿ ಸಿಕ್ಕ ಹುಡುಗ

ಏಪ್ರಿಲ್ ಹತ್ತಿರ ಬಂತು ಅಂದ್ರೆ ಕ್ಯಾಲಿಫೋರ್ನಿಯಾದ ಸನ್ನಿವೇಲ್, ಸಾಂಟಾ ಕ್ಲಾರಾ ಕಡೆ ನಮ್ಮ ಕನ್ನಡದವರ ನಡುವೆಯೂ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಡ್ರಾಫ್ಟ್ ಜಗಳ ಶುರು. ಲೀವೈಸ್ ಸ್ಟೇಡಿಯಂ ಪಕ್ಕದಲ್ಲೇ ಮನೆ ಮಾಡಿಕೊಂಡು ನಮ್ಮ ಊರಿನ ತಂಡ ಫೋರ್ಟಿನೈನರ್ಸ್ ಬಗ್ಗೆ ಸುಮ್ಮನಿರೋದು ಕಷ್ಟ ಬಿಡಿ. ಯಾವ ಕಾಲೇಜಿನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಒಳ್ಳೆಯವನು, ಯಾರ ಕೈಯಲ್ಲಿ ಜೋರಿದೆ, ಯಾರು ಚೆನ್ನಾಗಿ ಓಡ್ತಾನೆ, ಇದೇ ಮಾತು. ಆ ಹುಡುಗನಿಗೆ ತಂಡ ಏನು ಬೆಲೆ ಕೊಡ್ತಾ ಇದೆ ಅಂತ ಯಾರೂ ಕೇಳೋದೇ ಇಲ್ಲ. ನನ್ನ ತಕರಾರು ಅದೊಂದೇ.

ಊರಲ್ಲಿರುವವರಿಗೆ ಒಂದು ಮಾತು. ಇಲ್ಲಿ ಐಪಿಎಲ್ ಹರಾಜಿನ ಹಾಗೆ ದುಡ್ಡು ಕೂಗುವುದಿಲ್ಲ. ಹಿಂದಿನ ಸೀಸನ್‌ನಲ್ಲಿ ತೀರಾ ಸೋತ ತಂಡಕ್ಕೆ ಕಾಲೇಜಿನ ಹುಡುಗರನ್ನು ಆರಿಸುವ ಮೊದಲ ಸರದಿ (ಅದೇ ಪಿಕ್), ಹೀಗೆ ಏಳು ಸುತ್ತು. ಆದರೆ ನಿಮ್ಮ ಸರದಿಯನ್ನು, ಮುಂದಿನ ವರ್ಷಗಳದ್ದನ್ನೂ ಸೇರಿಸಿ, ಬೇರೆ ತಂಡಕ್ಕೆ ಕೊಟ್ಟು ಮೇಲಿನ ಜಾಗ ತಗೋಬಹುದು. ಎಡವಟ್ಟು ಆಗೋದು ಅಲ್ಲೇ.

2021ರ ಮಾರ್ಚ್‌ನಲ್ಲಿ ನಮ್ಮವರು 12ನೇ ಸರದಿ, 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳು, ಜೊತೆಗೊಂದು ಮೂರನೇ ಸುತ್ತಿನದು, ಇಷ್ಟನ್ನೂ ಮಯಾಮಿ ತಂಡಕ್ಕೆ ಕೊಟ್ಟು ಮೂರನೇ ಜಾಗಕ್ಕೆ ಬಂದರು. ಆಮೇಲೆ ಒಂದು ತಿಂಗಳು ಅಭಿಮಾನಿಗಳು ಮೂರು ಪಕ್ಷ. ಅಲಬಾಮಾದ ಮ್ಯಾಕ್ ಜೋನ್ಸ್, ಒಹಾಯೊ ಸ್ಟೇಟ್‌ನ ಜಸ್ಟಿನ್ ಫೀಲ್ಡ್ಸ್, ನಾರ್ತ್ ಡಕೋಟಾ ಸ್ಟೇಟ್‌ನ ಟ್ರೇ ಲ್ಯಾನ್ಸ್. ಜೋನ್ಸ್ ಬರ್ತಾನಂತೆ ಅನ್ನೋ ಸುದ್ದಿಗೆ ಎಷ್ಟು ಜನ ತಲೆ ಚಚ್ಚಿಕೊಂಡರು! ಕೊನೆಗೆ ಬಂದವನು ಲ್ಯಾನ್ಸ್. ಕಾಲೇಜಿನಲ್ಲಿ ಅವನು ಶುರುವಿನಿಂದ ಆಡಿದ್ದು ಬರೀ 17 ಪಂದ್ಯ. ಕೋವಿಡ್‌ನಿಂದಾಗಿ 2020ರಲ್ಲಿ ಒಂದೇ ಒಂದು.

ಲ್ಯಾನ್ಸ್‌ನನ್ನು ಬೈಯಲು ನನಗೆ ಮನಸ್ಸಿಲ್ಲ. 2022ರ ಸೀಸನ್ ಶುರುವಾದ ಎರಡನೇ ವಾರದಲ್ಲೇ ಪಾದದ ಗಂಟು ಮುರಿದರೆ ಹುಡುಗ ಏನು ಮಾಡಬೇಕು? ನಮ್ಮ ತಂಡಕ್ಕೆ ಶುರುವಿನಿಂದ ನಾಲ್ಕೇ ಪಂದ್ಯ ಆಡಿ, 2023ರ ಆಗಸ್ಟ್‌ನಲ್ಲಿ ನಾಲ್ಕನೇ ಸುತ್ತಿನ ಒಂದು ಸರದಿಗೆ ಡಲ್ಲಾಸ್‌ಗೆ ಹೋದ. ಇನ್ನೂ ಹೊಟ್ಟೆ ಉರಿಯೋ ವಿಷಯ, ನಾವು ಬಿಟ್ಟ ಆ 12ನೇ ಸರದಿ ಕೈಯಿಂದ ಕೈಗೆ ಹೋಗಿ ಅದೇ ಡಲ್ಲಾಸ್ ತಲುಪಿತ್ತು, ಅವರು ಅದರಲ್ಲಿ ಮುಂದೆ ಸ್ಟಾರ್ ಆದ ಡಿಫೆನ್ಸ್ ಆಟಗಾರ ಮೈಕಾ ಪಾರ್ಸನ್ಸ್‌ನನ್ನು ತಗೊಂಡಿದ್ದರು.

ತಂಡ ಉಳಿದದ್ದು ಯಾರಿಂದ? ಅಯೋವಾ ಸ್ಟೇಟ್‌ನ ಬ್ರಾಕ್ ಪರ್ಡಿಯಿಂದ. 2022ರ ಡ್ರಾಫ್ಟ್‌ನಲ್ಲಿ 262ನೇ ಪಿಕ್, ಕಟ್ಟಕಡೆಯವನು. ಅವನ ಹೆಸರಲ್ಲಿ ಒಬ್ಬರೂ ಜಗಳ ಆಡಿರಲಿಲ್ಲ. ಕಾಲೇಜಿನಲ್ಲಿ ನಾಲ್ಕು ಸೀಸನ್ ಆಡಿ ಬಂದಿದ್ದ, ಎರಡೇ ಸೀಸನ್‌ನಲ್ಲಿ ತಂಡವನ್ನು ಲೀಗ್ ಫೈನಲ್ ಆದ ಸೂಪರ್ ಬೌಲ್‌ಗೆ ಕರೆದುಕೊಂಡು ಹೋದ. ಓವರ್‌ಟೈಮ್‌ನಲ್ಲಿ 25-22ಕ್ಕೆ ಸೋತೆವು, ಅದರ ಬಗ್ಗೆ ಈಗ ಮಾತು ಬೇಡ. ಅಂದು ಅಭಿಮಾನಿಗಳು ಬೇಡವೇ ಬೇಡ ಅಂತ ಕೂಗಿದ್ದ ಮ್ಯಾಕ್ ಜೋನ್ಸ್ 2025ರಲ್ಲಿ ಅದೇ ಪರ್ಡಿಗೆ ಬದಲಿ ಆಟಗಾರನಾಗಿ ಬಂದ, ಅದೂ ಯಾವ ಸರದಿಯನ್ನೂ ಬಿಟ್ಟುಕೊಡದೆ.

‘ಹಾಗಾದ್ರೆ ಮಹೋಮ್ಸ್?’ ಅಂತ ಕ್ಯಾನ್ಸಸ್ ಸಿಟಿಯ ಸ್ಟಾರ್ ಕ್ವಾರ್ಟರ್‌ಬ್ಯಾಕ್ ಬಗ್ಗೆ ಕೇಳ್ತೀರಿ, ಗೊತ್ತು. 2017ರಲ್ಲಿ ಅವನಿಗಾಗಿ ಕ್ಯಾನ್ಸಸ್ ಸಿಟಿಯೂ 27ನೇ ಸರದಿಯಿಂದ 10ಕ್ಕೆ ಜಿಗಿಯಿತು, ನಿಜ. ಆದರೆ ಅವರು ಮುಂದಿನ ವರ್ಷಗಳಿಂದ ಬಿಟ್ಟದ್ದು ಮೊದಲ ಸುತ್ತಿನ ಒಂದೇ ಸರದಿ. ಹುಡುಗನನ್ನು ಹೆಚ್ಚುಕಮ್ಮಿ ಒಂದು ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಕೂರಿಸಿದರು. ಆ ಸ್ಮಿತ್‌ನನ್ನೇ ನಾವು 2005ರಲ್ಲಿ ಮೊದಲ ಪಿಕ್ ಆಗಿ ತಂದು, ಪಕ್ಕದ ಬರ್ಕ್ಲಿಯಲ್ಲಿದ್ದ, ಮುಂದೆ ದೊಡ್ಡ ಹೆಸರು ಮಾಡಿದ ಆರನ್ ರಾಜರ್ಸ್‌ನನ್ನು ಬಿಟ್ಟಿದ್ದು. ಆಮೇಲೆ ವರ್ಷಕ್ಕೊಬ್ಬ ಅಫೆನ್ಸ್ ಕೋಚ್ ಬದಲಾದರೆ ಯಾವ ಹುಡುಗ ತಾನೇ ಕಲಿತಾನು? ರಾಜರ್ಸ್ ಗ್ರೀನ್ ಬೇಯಲ್ಲಿ ಮೂರು ವರ್ಷ ಅಲ್ಲಿನ ಹಿರಿಯ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಹಿಂದೆ ಕೂತು ಕಲಿತ.

ಈಗ ಪರ್ಡಿಯೂ ಅಗ್ಗ ಅಲ್ಲ. 2025ರಲ್ಲಿ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದ ಆಯ್ತು. ಅದಕ್ಕೇ ಹೊಸ ಹುಡುಗನನ್ನು ತನ್ನಿ ಅನ್ನೋ ಕೂಗು ಆಗಾಗ ಏಳುತ್ತೆ. ತರಲಿ, ನನ್ನ ವಿರೋಧ ಇಲ್ಲ. ಎರಡು ಮೂರು ವರ್ಷಕ್ಕೊಮ್ಮೆ ನಾಲ್ಕನೇ ಸುತ್ತಿನಲ್ಲೋ ಐದನೇ ಸುತ್ತಿನಲ್ಲೋ, ಕಾಲೇಜಿನಲ್ಲಿ ಜಾಸ್ತಿ ಪಂದ್ಯ ಆಡಿದ ಒಬ್ಬನನ್ನು ತಂದು ಬೆಂಚ್ ಮೇಲೆ ಕೂರಿಸಿ ಕಲಿಸಲಿ. ಮುಂದಿನ ಎರಡು ವರ್ಷದ ಮೊದಲ ಸುತ್ತನ್ನು ಅಡವಿಡೋಣ ಅನ್ನುವವರು ಮಾತ್ರ ಕಾಮೆಂಟ್‌ನಲ್ಲಿ ಕಾರಣ ಬರೆದೇ ಹೋಗಬೇಕು.