ಸ್ಪಷ್ಟನೆ: ನಡೆದರೆ ಸೊಂಟದ ಕೀಲು ಸವೆಯುವುದಿಲ್ಲ

‘ಸೊಂಟದ ಕೀಲು ಸವೆದವರು ನಡೆಯಬಾರದು, ನಡೆದಷ್ಟೂ ಸವೆತ ಹೆಚ್ಚು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಕೀಲೇನು ಬಂಡಿಯ ಅಚ್ಚಲ್ಲ. ಅದರ ಮೃದ್ವಸ್ಥಿಗೆ (ಮೂಳೆಯ ತುದಿಯನ್ನು ಹೊದಿಸಿರುವ ನುಣುಪಾದ ಪದರಕ್ಕೆ) ರಕ್ತನಾಳಗಳಿಲ್ಲ. ಹೆಜ್ಜೆ ಹಾಕುವಾಗ ಒತ್ತಡ ಬಿದ್ದು ಸಡಿಲವಾಗುತ್ತಿದ್ದರೆ ಕೀಲಿನ ದ್ರವದಿಂದ ಅದಕ್ಕೆ ಪೋಷಣೆ ಸಿಗುತ್ತದೆ. ಹಾಸಿಗೆ ಹಿಡಿದರೆ ಪೃಷ್ಠ, ತೊಡೆಗಳ ಸ್ನಾಯುಗಳು ಸೊರಗಿ ನೋವು ಇನ್ನಷ್ಟು ಕಾಡುತ್ತದೆ. ಚಿಕಿತ್ಸಾ ಸಲಹೆಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯು ಕೀಲು ಸವೆತದ ಬಗ್ಗೆ ಹೊರಡಿಸಿದ 2022ರ ಮಾರ್ಗಸೂಚಿಯೂ ವ್ಯಾಯಾಮವನ್ನು ಮುಖ್ಯ ಚಿಕಿತ್ಸೆಗಳಲ್ಲಿ ಸೇರಿಸಿದೆ.

ಸಂದೇಶದಲ್ಲಿ ಅರೆಸತ್ಯವೂ ಇದೆ. ಚಕ್ಕಳಮಕ್ಕಳ ಹಾಕುವುದು, ಕುಕ್ಕರಗಾಲಿನಲ್ಲಿ ಕೂರುವುದು ಹಲವರಿಗೆ ನೋವು ಕೆರಳಿಸುತ್ತವೆ. ಅಂಥವರು ಅದನ್ನು ಬಿಡಲಿ, ನಡಿಗೆಯನ್ನಲ್ಲ. ಈಜು, ಸೈಕಲ್ ಕೂಡ ಒಳ್ಳೆಯವೇ. ಊರುಗೋಲನ್ನು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿಯಬೇಕು (ಹಲವರು ಹಿಡಿಯುವುದು ಉಲ್ಟಾ). ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಜ್ವರದೊಂದಿಗೆ ಕೀಲು ನೋಯುತ್ತಿದ್ದರೆ ಮಾತ್ರ ನಡಿಗೆ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಬೇಕು.